ಅರಿಶಿನ ಬಣ್ಣದ ಕಾರೂ ಎದುರುಮನೆಯ ಬಾಗಿಲೂ

ಹೋದ ವಾರ ಪಕ್ಕದ ಮನೆಯವರು ಹೊಸ ಕಾರು ತಂದರು. ಬೆಳಿಗ್ಗೆ ಒಲೆಯ ಮುಂದೆ ನಿಂತು ಹಾಲು ಕಾಯಿಸುತ್ತಿದ್ದೆ, ಕಿಟಕಿಯಿಂದ ವಾಸನೆ ಬಂತು. ಗಾಲಿಗೆ ಸಿಕ್ಕಿ ಅಪ್ಪಚ್ಚಿಯಾದ ನಿಂಬೆಹಣ್ಣಿನ ಹುಳಿ, ಸಿಪ್ಪೆಯ ಒಗರು, ಉರಿದ ಕರ್ಪೂರ, ಅದರ ಹಿಂದೆಯೇ ಒಂದಿಷ್ಟು ಪೆಟ್ರೋಲು. ಇವೆಲ್ಲ ಬೇರೆ ಬೇರೆಯಾಗಿ ಬಂದರೆ ನನಗೇನೂ ಆಗುವುದಿಲ್ಲ. ಒಟ್ಟಿಗೆ ಬಂದರೆ ಮಾತ್ರ... ಹಾಲು ಉಕ್ಕಿ ಒಲೆಗೆ ಸುರಿದದ್ದೂ ತಿಳಿಯಲಿಲ್ಲ. ಎದುರುಮನೆಯ ಅಜ್ಜಿ ಬಂದು ಕಣ್ಣ ಮುಂದೆ ನಿಂತಿದ್ದಳು.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಹೊಳಲ್ಕೆರೆಯಿಂದ ಮದುವೆಯಾಗಿ ಚಿತ್ರದುರ್ಗಕ್ಕೆ ಬಂದವಳು. ಕೋಟೆಯ ಬಂಡೆಗಳು ಹಗಲೆಲ್ಲ ಕಾದು ರಾತ್ರಿ ನಮ್ಮ ಬೀದಿಗೆ ಬಿಸಿ ಉಗುಳುತ್ತಿದ್ದವು. ಹೊಸ ಮನೆ, ಹೊಸ ಜನ, ಮೂಲೆಯಲ್ಲಿ ಕೂತು ಅಳುವುದೇ ನನ್ನ ಕೆಲಸವಾಗಿತ್ತು. ಆಗ ಎದುರುಮನೆಯಿಂದ ಬಂದವಳು ಅಜ್ಜಿ. ತಮ್ಮನ ಸಂಸಾರದ ಜೊತೆ ಇದ್ದಳು. ಬಂದವಳೇ ನನ್ನ ಜಡೆ ಹಿಡಿದು, “ಅಯ್ಯಯ್ಯೋ, ಏನ್ ಚೆಂದ ಐತವ್ವಾ ಜಡೆ! ಇದನ್ನ ಹಿಡ್ಕಂಡು ಬಾವೀಗೆ ಇಳೀಬೌದು ನೋಡು” ಅಂದಳು. ಮದುವೆಯಾಗಿ ಬಂದ ಮೇಲೆ ನಾನು ಮೊದಲು ನಕ್ಕದ್ದು ಅವತ್ತು.

ಹೊಗಳುವುದು ಅವಳಿಗೆ ಉಸಿರಾಡಿದಷ್ಟೇ ಸಲೀಸು. ನನ್ನ ಸೊಟ್ಟ ರೊಟ್ಟಿಯನ್ನು ತಿರುಗಿಸಿ ನೋಡಿ, “ದುಂಡುಗೆ ಯಾರಾದ್ರೂ ತಟ್ತಾರೆ, ಹಿಂಗೆ ತಟ್ಟಾಕೆ ಬರಬೇಕಲ್ಲ!” ಅನ್ನುವಳು. ಬೀದಿಯ ಕೂಸು, ಕರು, ಬದನೆಕಾಯಿ, ಒಣಹಾಕಿದ ಸೀರೆ, ಯಾವುದನ್ನೂ ಬಿಟ್ಟವಳಲ್ಲ. ಯಾಕಜ್ಜಿ ಇಷ್ಟು ಹೊಗಳುತ್ತೀ ಅಂದರೆ, “ಚೆಂದ ಕಂಡಾಗ ಚೆಂದ ಅನ್ನದಿದ್ರೆ ಈ ನಾಲಿಗೆ ಇಟ್ಕಂಡು ಏನು ಉಪ್ಪಿನಕಾಯಿ ಹಾಕಾಣ?” ಅನ್ನುವಳು. ಇವತ್ತು ನನ್ನ ಮಾತು ನಾಲ್ಕು ಜನಕ್ಕೆ ರುಚಿಸುತ್ತದೆ ಅಂದರೆ ಅದರಲ್ಲಿ ಅರ್ಧ ಅವಳ ಪಾಲು.

ನಮ್ಮ ಯಜಮಾನರಿಗೆ ಕಾರಿನ ಹುಚ್ಚು. ಬೊಂಬಾಯಿಯಲ್ಲಿದ್ದ ಜಪಾನಿನವನೊಬ್ಬ ತನ್ನ ದೇಶಕ್ಕೆ ಮರಳುವಾಗ ಬಿಟ್ಟುಕೊಟ್ಟ ಕಾರನ್ನು ಪಿ.ಬಿ. ರೋಡಿನುದ್ದಕ್ಕೂ ತಾವೇ ಓಡಿಸಿಕೊಂಡು ತಂದರು. ಅರಿಶಿನದ ಬಣ್ಣ, ನೆಲಕ್ಕೆ ಅಂಟಿದಂತೆ ತಗ್ಗು, ಉದ್ದ ಮೂತಿ. ಅದರ ಇಂಜಿನ್ನೇ ಬೇರೆ ಜಾತಿಯದು, ರೋಟರಿ ಇಂಜಿನ್ ಅಂತ. ಬೇರೆ ಕಾರುಗಳ ಇಂಜಿನ್ನು ಒನಕೆಯಂತೆ ಮೇಲೆ ಕೆಳಗೆ ಕುಟ್ಟಿದರೆ, ಇದರೊಳಗೆ ಮೂರು ಮೂಲೆಯ ಗುಂಡೊಂದು ಒರಳಿನಲ್ಲಿ ತಿರುಗಿದ ಹಾಗೆ ತಿರುಗುತ್ತದಂತೆ. ಸದ್ದೂ ಹಾಗೇ, ಗುಡುಗುಡು ಇಲ್ಲ, ಬರೀ ಗುಂಯ್...

ಹಿಂಡಿ, ಹತ್ತಿಕಾಳಿನ ವ್ಯಾಪಾರದ ಮಾವನವರಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ. ಕಾರಿನ ಸುತ್ತ ಒಂದು ಸುತ್ತು ಬಂದು, “ಎರಡೇ ಬಾಗ್ಲು! ಮನೆ ಮಂದಿಯೆಲ್ಲ ಎಲ್ಲಿ ಹತ್ತಬೇಕಪ್ಪ, ತಲೆ ಮೇಲಾ? ಇದು ಗಂಡ-ಹೆಂಡ್ರ ಗಾಡಿ” ಅಂದರು. ಆಮೇಲೆ ಮಗನಿಗೆ ಖಡಾಖಂಡಿತವಾಗಿ ಹೇಳಿದರು, “ಒಂದು ಸಲ ಕೈಕೊಡ್ಲಿ, ಮಾರನೇ ದಿನಾನೇ ಮಾರಿ ಹಾಕ್ತೀನಿ ನೋಡು.”

ಒಳ್ಳೆಯ ದಿನ ನೋಡಿ ಪೂಜೆ ಇಟ್ಟರು. ಇಡೀ ಬೀದಿ ಸೇರಿತ್ತು. ಗಾಲಿಗಳ ಕೆಳಗೆ ನಿಂಬೆಹಣ್ಣು, ಮೂತಿಗೆ ಸೇವಂತಿಗೆ ಹಾರ. ಇವರು ಕೂತು ಚಾಲೂ ಮಾಡಿದರು, ಕಾರು ನಾಲ್ಕಡಿ ಮುಂದಕ್ಕೆ ಉರುಳಿ ನಿಂಬೆಹಣ್ಣು ಹತ್ತಿ ಇಳಿಯಿತು. ನಮ್ಮತ್ತೆ ತಟ್ಟೆ ಹಿಡಿದು, “ನಿಲ್ಸಪ್ಪ, ಮಂಗಳಾರತಿ ಹೊತ್ತಲ್ಲಿ ಗುಂಯ್ ಅನ್ನಿಸ್ಬ್ಯಾಡ” ಅಂದರು. ಇವರು ಒಂದು ಗಳಿಗೆ ತಡೆದು, ನಿಲ್ಲಿಸಿದರು. ಆ ತಡೆದದ್ದು ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ಅಷ್ಟರಲ್ಲಿ ಅಜ್ಜಿ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಓಡಿಬಂದಳು. ಕಾರು ನೋಡಿ ಗಲ್ಲಕ್ಕೆ ಕೈಯಿಟ್ಟು, “ಏನ್ ಚೆಂದ ಐತವ್ವಾ ಇದು! ಅರಿಶಿನ ಹಚ್ಚಿದ ಮದುಮಗಳಂಗೈತೆ!” ಅಂದಳು. ಎಲ್ಲರೂ ನಕ್ಕರು. ಮಂಗಳಾರತಿ ಮುಗಿಯಿತು, ಇವರು ಕೀಲಿ ತಿರುಗಿಸಿದರು. ಕಾರು ಕೆಮ್ಮಿತು, ಕೆಮ್ಮುತ್ತಲೇ ಇತ್ತು, ಏಳಲಿಲ್ಲ. ಪೆಟ್ರೋಲಿನ ವಾಸನೆ ಬೀದಿಗೆಲ್ಲ ಹರಡಿತು. ಜಗಲಿಯ ಮೇಲಿದ್ದ ಮಾವನವರು ಎದ್ದು ನಿಂತರು. ಇವರ ಮುಖ ಬಿಳುಚಿಕೊಂಡಿತು.

ಆಗ ನಮ್ಮತ್ತೆ ತಟ್ಟೆ ಕೆಳಗಿಟ್ಟು, ಅಜ್ಜಿಯ ಕಡೆ ತಿರುಗಿ, “ಬಾಯಿ ಮುಚ್ಕಂಡಿರಾಕೆ ಏನಾಗಿತ್ತಜ್ಜಿ ನಿಂಗೆ? ಕಣ್ಣು ಬಿತ್ತು ನೋಡು” ಅಂದರು.

ಉಪ್ಪು, ಮೆಣಸಿನಕಾಯಿ ತಂದು ಕಾರಿಗೆ ಇಳಿ ತೆಗೆದು ಬೆಂಕಿಗೆ ಹಾಕಿದರು. ಅದೇ ಹೊತ್ತಿಗೆ ಕರೆಸಿದ್ದ ಮೆಕ್ಯಾನಿಕ್ ಪ್ಲಗ್ಗು ಬಿಚ್ಚಿ ಒರೆಸಿ ಹಾಕಿದ, ನಾಲ್ಕು ಜನ ಇಳಿಜಾರಿನಲ್ಲಿ ತಳ್ಳಿದರು, ಕಾರು ಬೆಳ್ಳಗೆ ಹೊಗೆ ಬಿಟ್ಟು ಎದ್ದಿತು. ಜನ ಕಂಡದ್ದು ಉಪ್ಪು ಮೆಣಸಿನಕಾಯಿಯನ್ನು ಮಾತ್ರ. ಮಾವನವರೂ ಕೂತುಕೊಂಡರು. ಮಾರುವ ಮಾತು ಅವರ ಬಾಯಿಂದ ಬರಲಿಲ್ಲ.

ಅಜ್ಜಿಗೆ ಮೊದಮೊದಲು ಅದು ತಮಾಷೆಯೇ ಆಗಿತ್ತು. “ನನ್ನ ಕಣ್ಣಿಗೆ ಅಷ್ಟು ಶಕ್ತಿ ಇದ್ದಿದ್ರೆ ನಮ್ಮನೆ ಇಲೀನೆಲ್ಲ ನೋಡೇ ಸಾಯಿಸ್ತಿದ್ದೆ ಕಣೆ!” ಅಂತ ನನ್ನ ಬೆನ್ನಿಗೊಂದು ಗುದ್ದಿ ಹೋದಳು.

ಮರುದಿನ ನಾವಿಬ್ಬರೇ ಹಿರಿಯೂರಿನ ದಾರಿ ಹಿಡಿದೆವು. ಆ ದಾರಿಯನ್ನು ಹೇಗೆ ಹೇಳಲಿ... ಅಲ್ಲಿಯ ತನಕ ನಾನು ಬಸ್ಸಿನ ಹಿಂದಿನ ಸೀಟಿನಲ್ಲಿ ವಾಂತಿ ಮಾಡಿಕೊಂಡು ಊರು ಸೇರಿದವಳು. ಇಲ್ಲಿ ರಸ್ತೆಯೇ ಕಾರಿನ ಹೊಟ್ಟೆಯೊಳಗೆ ಹರಿದುಹೋಗುತ್ತಿತ್ತು. ಎರಡೂ ಬದಿಯ ಹುಣಸೆಮರಗಳು, ಆಚೆಗೆ ಶೇಂಗಾ ಹೊಲದ ಕೆಂಪು, ಬಿಚ್ಚಿದ ಕಿಟಕಿಯಲ್ಲಿ ಗಾಳಿ. ವೇಗ ಏರಿದಷ್ಟೂ ಇಂಜಿನ್ನಿನ ಸದ್ದು ಸಣ್ಣಗೆ, ನುಣ್ಣಗೆ ಆಗುತ್ತಿತ್ತು. ತಲೆಯ ಮೇಲಿನ ಸೆರಗು ಹಾರಿಹೋಯಿತು, ಎಳೆದುಕೊಳ್ಳಲಿಲ್ಲ.

ಒಂದು ಕಡೆ ಕುರಿಹಿಂಡು ಅಡ್ಡ ಬಂತು. ನಿಧಾನ ಮಾಡಿದರೆ, ಕುರಿ ಕಾಯುವವನು ಕಾಣಿಸಲೇ ಇಲ್ಲ. ನೋಡಿದರೆ ರಸ್ತೆ ಬದಿಯಲ್ಲಿ ಮೈತುಂಬ ಕಂಬಳಿ ಹೊದ್ದು ಬೋರಲು ಮಲಗಿದ್ದಾನೆ! ಕಂಬಳಿಯೊಳಗಿಂದಲೇ ಕೇಳಿದ, “ಹೋದ್ವೇನ್ರಿ ಹುಳ?”

“ಹೆಜ್ಜೇನಲ್ಲಪ್ಪ, ಕಾರು!” ಅಂದರು ಇವರು.

ಅವನು ಮುಖ ಹೊರಗೆ ಹಾಕಿ, ನಮ್ಮನ್ನೂ ಕಾರನ್ನೂ ನೋಡಿ, “ಕಾರಾದ್ರೆ ಕಾರಿನಂಗೆ ಅರಚಬೇಕು. ಹಿಂಗೆ ಗುಂಯ್ ಅಂದ್ರೆ ಬಡವ್ರು ಏನ್ ತಿಳ್ಕಬೇಕ್ರಿ?” ಅಂತ ಬೈದು, ಕಂಬಳಿ ಕೊಡವಿಕೊಂಡು ಎದ್ದ.

ಹಿರಿಯೂರಿನ ಹೋಟೆಲಿನ ಮುಂದೆ ಕಾಫಿ ಕುಡಿಯುತ್ತ ಇವರು ಗುಟ್ಟು ಬಿಚ್ಚಿದರು. “ಅಜ್ಜಿ ಕಣ್ಣೂ ಇಲ್ಲ, ಮಣ್ಣೂ ಇಲ್ಲ ಕಣೆ. ಇದನ್ನ ತಣ್ಣಗಿರೋವಾಗ ಚಾಲೂ ಮಾಡಿದ್ರೆ ಬಿಸಿಯಾಗೋ ತನಕ ನಿಲ್ಸಬಾರದು. ನಾಲ್ಕಡಿ ಓಡಿಸಿ ನಿಲ್ಸಿದ್ರೆ ಒಳಗೆಲ್ಲ ಪೆಟ್ರೋಲು ತುಂಬ್ಕಂತೈತೆ, ಕಿಡಿ ಹತ್ತಲ್ಲ. ಆ ಜಪಾನಿನವನು ಬಾಯಿ ಬಡ್ಕಂಡು ಹೇಳಿದ್ದ. ಅವ್ವ ನಿಲ್ಸು ಅಂದ್ಲು, ನಿಲ್ಸಿಬಿಟ್ಟೆ.”

“ಮತ್ತೆ ಮನೇಲಿ ಹೇಳ್ಬಾರ್ದಾ?”

“ಹೇಳಿದ್ರೆ, ನಿಂಬೆಹಣ್ಣು ತಡಿಯದ ಕಾರು ನಮ್ಗೆ ಬ್ಯಾಡ ಅಂತ ಅಪ್ಪ ನಾಳೆನೇ ಮಾರಿಸ್ತಾನೆ. ಈಗ ತಪ್ಪು ಕಾರಿಂದಲ್ಲ, ಅಜ್ಜೀದು. ಅಜ್ಜೀನ ಯಾರು ಮಾರ್ತಾರೆ?”

ಅವರು ನಕ್ಕರು. ನಾನೂ ನಕ್ಕೆ. ನಕ್ಕು ಕಾಫಿಲೋಟ ಕೆಳಗಿಟ್ಟು, “ಇನ್ನೊಂಚೂರು ಮುಂದಕ್ಕೆ ಹೋಗಾಣ್ವಾ?” ಅಂತ ಕೇಳಿದವಳೂ ನಾನೇ. ಜವನಗೊಂಡನಹಳ್ಳಿಯ ತನಕ ಹೋಗಿ ತಿರುಗಿದೆವು. ಆ ನಗು ನೆನೆದರೆ ಈಗಲೂ ಕೂತಲ್ಲೇ ಮೈ ಕುಗ್ಗುತ್ತದೆ.

ಅಲ್ಲಿಂದ ಅದೊಂದು ಚಾಳಿಯೇ ಆಯಿತು. ಬಿಡುವು ಸಿಕ್ಕಾಗಲೆಲ್ಲ ದಾರಿ. ಹೊಸದುರ್ಗದ ಕಡೆಗೊಮ್ಮೆ, ಹಿರಿಯೂರಿನ ಕಡೆಗೊಮ್ಮೆ, ಕೆಲಸವಿಲ್ಲ, ಕಾರ್ಯವಿಲ್ಲ, ಬರೀ ಗಾಳಿ ಕುಡಿಯುವುದಕ್ಕೆ. ಇತ್ತ ನಮ್ಮತ್ತೆ ಆಡಿದ ಮಾತು ಬೀದಿಯಲ್ಲಿ ತನ್ನಷ್ಟಕ್ಕೆ ತಾನು ಓಡಾಡಿಕೊಂಡಿತ್ತು. ಯಾರದೋ ಎಮ್ಮೆ ಹಾಲು ಕೊಡಲಿಲ್ಲ, ಅಜ್ಜಿ ನೋಡಿದ್ದಳಂತೆ. ಯಾವುದೋ ಕೂಸಿಗೆ ಜ್ವರ ಬಂತು, ಅಜ್ಜಿ ಮುದ್ದಾಡಿದ್ದಳಂತೆ. ಅವಳು ಎದುರಾದರೆ ಹೆಂಗಸರು ಮಕ್ಕಳ ಮುಖದ ಮೇಲೆ ಸೆರಗು ಎಳೆಯತೊಡಗಿದರು. ನಾಮಕರಣಕ್ಕೆ ಕರೆಯುವುದು ನಿಂತಿತು. ಇಲಿಯ ತಮಾಷೆಯೂ ನಿಂತಿತು.

ಆಮೇಲಾಮೇಲೆ ಹೊಸದೊಂದು ಕಂಡೆ. ನಮ್ಮ ಕಾರು ಗುಂಯ್ ಅಂದ ಕೂಡಲೇ ಎದುರುಮನೆಯ ಬಾಗಿಲು ಮುಚ್ಚುತ್ತಿತ್ತು. ಸಿಟ್ಟಿನಿಂದಲ್ಲ. ತನ್ನ ದೃಷ್ಟಿ ನಮ್ಮ ಮೇಲೆ ಬೀಳದಿರಲಿ ಅಂತ ಅಜ್ಜಿಯೇ ಮುಚ್ಚುತ್ತಿದ್ದಳು. ನಾನು ಕಾರಿನಲ್ಲಿ ಕೂತು ಆ ಬಾಗಿಲನ್ನು ನೋಡುತ್ತಿದ್ದೆ. ಬೀದಿ ದಾಟುವ ತನಕ ಎದೆಯಲ್ಲೊಂದು ಮುಳ್ಳು. ಪಿ.ಬಿ. ರೋಡಿನ ಗಾಳಿ ಮುಖಕ್ಕೆ ಬಡಿದರೆ ಆ ಮುಳ್ಳೂ ಮರೆತುಹೋಗುತ್ತಿತ್ತು... ಅದೇ ನೋಡಿ, ಮರೆತುಹೋಗುತ್ತಿತ್ತಲ್ಲ, ಅದು.

ಬಸುರಿಯಾದೆ. ಹೆರಿಗೆಗೆ ಹೊಳಲ್ಕೆರೆಗೆ ಹೋದೆ, ಮಗಳು ಹುಟ್ಟಿದಳು. ಐದನೇ ತಿಂಗಳಿಗೆ ಇವರು ಕಾರು ತಂದು ಕರೆದೊಯ್ದರು. ಆ ಗುಂಯ್ ಸದ್ದಿಗೆ ಕೂಸು ದಾರಿಯುದ್ದಕ್ಕೂ ನಿದ್ದೆ ಮಾಡಿತು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ, ಮನೆಗೆ ಹೋಗುವ ಮೊದಲೇ ಅಜ್ಜಿಯ ಮಡಿಲಿಗೆ ಹಾಕಬೇಕು, ಅವಳು ಗಲ್ಲಕ್ಕೆ ಕೈಯಿಟ್ಟು ಏನಂತಾಳೋ ಕೇಳಬೇಕು ಅಂತ. ಕಾರು ನಮ್ಮ ಬೀದಿಗೆ ತಿರುಗಿತು. ಎದುರುಮನೆಯ ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಹಾಕಿದ ಸದ್ದು ನನಗೆ ಕೇಳಿಸಿತು.

ಮಾರನೇ ಮಧ್ಯಾಹ್ನ ಅತ್ತೆ ಮಲಗಿದ್ದಾಗ ಕೂಸನ್ನೆತ್ತಿಕೊಂಡು ಅಜ್ಜಿಯ ಹಿತ್ತಲಿಗೆ ಹೋದೆ. ಒರಳಿನ ಮುಂದೆ ಕೂತು ಏನೋ ರುಬ್ಬುತ್ತಿದ್ದವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. “ಕೂಸನ್ನ ಯಾಕೆ ತಂದ್ಯೆ? ಒಯ್ಯಿ, ಮದ್ಲು ಒಳಗೊಯ್ಯಿ!”

ನಾನು ಅಲ್ಲೇ ಕೂತುಬಿಟ್ಟೆ. ಎಲ್ಲ ಹೇಳಿದೆ. “ಆ ಇಂಜಿನ್ನು ನಿನ್ನ ಒರಳಿನ ಗುಂಡಿನಂಗೆ ತಿರುಗ್ತೈತಜ್ಜಿ. ನೀರು ಹೆಚ್ಚಾದ್ರೆ ಗುಂಡು ಜಾರಿ ಕಾಳು ನುರಿಯಲ್ಲ ನೋಡು, ಹಂಗೆ ಪೆಟ್ರೋಲು ಹೆಚ್ಚಾಗಿ ನಿಂತಿದ್ದು. ನಿನ್ನ ಕಣ್ಣಿಂದಲ್ಲ.”

ಅಜ್ಜಿಯ ಕೈ ಗುಂಡಿನ ಮೇಲೇ ನಿಂತಿತ್ತು. ಕೇಳಿದಳು, “ನಿಂಗೆ ಯಾವಾಗ ಗೊತ್ತಾತು ತಾಯಿ?”

“ಪೂಜೆ ಮಾರನೇ ದಿನ... ಹಿರಿಯೂರಲ್ಲಿ.”

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ಅವಳು ಸುಮ್ಮನೆ ತಲೆಯಾಡಿಸಿ, “ಇರಬೌದು. ನೀ ಹೇಳಿದ್ದೇ ಖರೆ ಇರಬೌದು. ಆದ್ರೂ ಕೂಸಿನ ಮ್ಯಾಲೆ ಪರೀಕ್ಷೆ ಮಾಡಾದು ಬ್ಯಾಡ” ಅಂದಳು.

ಎದ್ದು ಕೈ ತೊಳೆದು ಒರೆಸಿಕೊಂಡು ಬಂದಳು. ನನ್ನೆದುರು ಕೂತು, ಕಣ್ಣು ಬಿಗಿಯಾಗಿ ಮುಚ್ಚಿ ಕೈ ಚಾಚಿದಳು. ಕೂಸನ್ನು ಕೊಟ್ಟೆ. ಹಣೆ, ಹುಬ್ಬು, ಕೆನ್ನೆ, ಗಲ್ಲ, ಒಂದೊಂದನ್ನೂ ಬೆರಳಿನಿಂದ ಸವರಿದಳು. “ಮೂಗು ನಿಂದೇ” ಅಂದಳು. ಕಿವಿಯ ಹಿಂದೆ ಮೂಸಿದಳು. ಮಗಳು ಅವಳ ಬೆರಳು ಹಿಡಿದು ಬಾಯಿಗೆ ಎಳೆದುಕೊಂಡಾಗ ಅಜ್ಜಿಯ ಮುಖವೆಲ್ಲ ಅರಳಿತು, ರೆಪ್ಪೆ ಅದುರಿತು. ಕಣ್ಣು ಮಾತ್ರ ತೆರೆಯಲಿಲ್ಲ. ನಾನು ಕಾದೆ. ‘ಚೆಂದ ಐತೆ’ ಅನ್ನುವ ಒಂದು ಮಾತಿಗೆ ಕಾದೆ. ಅವಳು ಅನ್ನಲಿಲ್ಲ.

ಅವತ್ತೇ ಸಂಜೆ, ಇವರು ಬೇಡವೆಂದು ಕಣ್ಸನ್ನೆ ಮಾಡುತ್ತಿದ್ದರೂ, ಮಾವನವರ ಮುಂದೆ ಎಲ್ಲವನ್ನೂ ಹೇಳಿದೆ. ಕಾರು ಹೋದರೆ ಹೋಗಲಿ ಅಂತ ಗಟ್ಟಿಮನಸ್ಸು ಮಾಡಿಯೇ ಹೇಳಿದೆ. ಮಾವನವರು ಮಗನ ಮುಖ ನೋಡಿ, “ಅಷ್ಟೇನಾ? ಮದ್ಲೇ ಹೇಳಿದ್ರೆ ನಾಲ್ಕು ಆಳು ಹಚ್ಚಿ ತಳ್ಳಿಸಿ ನಿಂಬೆಹಣ್ಣು ಹತ್ತಿಸ್ತಿದ್ವಲ್ಲೋ!” ಅಂದರು. ಅಷ್ಟೇ. ಕಾರು ಮಾರುವ ಮಾತೇ ಬರಲಿಲ್ಲ. ಅಷ್ಟು ದಿನ ನಾವು ಯಾವುದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೆವೋ ಅದು ಇಷ್ಟೇ ಆಗಿತ್ತು. ನಮ್ಮತ್ತೆ ಮಾತ್ರ ಎದ್ದು ಒಳಗೆ ಹೋದರು.

ಮಾವನವರು ಕಟ್ಟೆಯ ಮೇಲೆ ಕೂತವರಿಗೆಲ್ಲ ಅದನ್ನು ರಸವತ್ತಾಗಿ ಹೇಳಿದರು. ಜನ ನಕ್ಕರು. ನಕ್ಕು, ಅಜ್ಜಿ ಬಂದಾಗ ಮತ್ತೆ ಸೆರಗು ಎಳೆದರು. ನನ್ನ ಮಗಳು ನಡೆಯಲು ಕಲಿತು ಎಷ್ಟೋ ಸಲ ತಾನೇ ಎದುರುಮನೆಗೆ ಹೋಗುತ್ತಿದ್ದಳು. ಅಜ್ಜಿ ಕಣ್ಣು ಮುಚ್ಚಿಯೇ ಅವಳಿಗೆ ತುತ್ತು ತಿನ್ನಿಸುತ್ತಿದ್ದಳು. ಮಗಳು ಅದನ್ನು ಕಣ್ಣಾಮುಚ್ಚಾಲೆ ಅಂದುಕೊಂಡಿದ್ದಳು. ನನ್ನ ಎರಡನೇ ಮಗು ಹುಟ್ಟುವ ಮೊದಲೇ ಅಜ್ಜಿ ಹೋದಳು. ಕಾರೂ ಬಹಳ ವರ್ಷ ಬಾಳಲಿಲ್ಲ. ಅದರ ಬಿಡಿಭಾಗ ಈ ಕಡೆ ಎಲ್ಲೂ ಸಿಗದೆ, ತಗಡಿನ ಕೆಳಗೆ ನಿಂತು, ಕೋಳಿ ಮೊಟ್ಟೆಯಿಡುವ ಜಾಗವಾಗಿ, ಕೊನೆಗೊಂದು ದಿನ ಗುಜರಿಗೆ ಹೋಯಿತು. ಇವರೂ ಈಗಿಲ್ಲ.

ಹೋದ ವಾರ ಒಲೆ ಆರಿಸಿ ಹೊರಗೆ ಬಂದೆ. ನಿಂಬೆಹಣ್ಣು ಹತ್ತಿಸಿ, ನಿಲ್ಲಿಸಿ, ಆಗಲೇ ಮಂಗಳಾರತಿ ತೆಗೆದುಕೊಂಡಿದ್ದ ಪಕ್ಕದ ಮನೆಯ ಹುಡುಗ ಮತ್ತೆ ಗುಂಡಿ ಒತ್ತಿದ. ಒಂದೇ ಸಲಕ್ಕೆ ಕಾರು ಎದ್ದಿತು. ನನ್ನ ಬಾಯಿಂದ ತಾನಾಗಿಯೇ ಬಂತು, ಬೀದಿಗೆಲ್ಲ ಕೇಳುವ ಹಾಗೆ, “ಏನ್ ಚೆಂದ ಐತಪ್ಪಾ ನಿನ್ ಕಾರು! ಅರಿಶಿನ ಹಚ್ಚಿದ ಮದುಮಗಳಂಗೈತೆ!” ಕಾರು ಬೂದಿ ಬಣ್ಣದ್ದು. ಹುಡುಗ ನಕ್ಕ. ಅವನ ತಾಯಿಯ ನಗು ಮಾತ್ರ ಅರ್ಧಕ್ಕೆ ನಿಂತಿತು. ಕಂಕುಳಲ್ಲಿದ್ದ ಮೊಮ್ಮಗುವಿನ ಮುಖವನ್ನು ಆಕೆ ಮೆಲ್ಲಗೆ ತನ್ನ ಹೆಗಲಿಗೆ ಒತ್ತಿಕೊಂಡು ನನ್ನ ಕಡೆ ನೋಡಿದಳು.

ಆ ನೋಟವನ್ನು ಅಜ್ಜಿ ಎಷ್ಟು ವರ್ಷ ಹೊತ್ತಳೋ... ನನಗೆ ಅವತ್ತೊಂದು ದಿನಕ್ಕೇ ಸಾಕಾಯಿತು. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳೋಣ ಅನ್ನಿಸಿತು. ಹಾಕಿಕೊಳ್ಳಲಿಲ್ಲ. ಕಾರು ಬೀದಿಯ ಕೊನೆಯಲ್ಲಿ ತಿರುಗಿ ಮರೆಯಾಗುವ ತನಕ ಹೊಸ್ತಿಲಲ್ಲೇ ನಿಂತು, ಕಣ್ಣು ಬಿಟ್ಟುಕೊಂಡು ನೋಡಿದೆ. ಹಿಂದೆ, ಅಡುಗೆಮನೆಯಲ್ಲಿ, ಸೀದ ಹಾಲಿನ ವಾಸನೆ ಹಾಗೇ ಇತ್ತು.