ಮೊದಲೇ ಹೇಳುವ ಭಾಗಮ್ಮ

ಕಮಲಾಪುರದ ಹೆದ್ದಾರಿ ಮಗ್ಗುಲಿಗೆ ಕೆಂಪು ಬಾಳೆಹಣ್ಣು ಮಾರುವವರು ಸಾಲಾಗಿ ಕೂತಿರುತ್ತಾರೆ. ಅವರಲ್ಲಿ ಭಾಗಮ್ಮನ ಹತ್ತಿರ ಹಣ್ಣು ಕೊಳ್ಳುವುದು ಸುಲಭದ ಕೆಲಸವಲ್ಲ. ಯಾವಾಗ ತಿನ್ನುತ್ತೀರಿ, ಮನೆಯಲ್ಲಿ ಎಷ್ಟು ಜನ, ಬೀಗರು ಬರುವುದು ಯಾವ ದಿನ ಎಂದು ವಿಚಾರಣೆ ಮುಗಿಸಿಯೇ ಆಕೆ ಚಿಪ್ಪು ಮುರಿಯುವುದು. ಇದು ನಾಳೆಗೆ, ಇದು ಗುರುವಾರಕ್ಕೆ, ಗುರುವಾರದ ಹೊತ್ತಿಗೆ ಸಿಪ್ಪೆ ಕಪ್ಪಾಗುತ್ತದೆ, ಹೆದರಿ ಎಸೆಯಬೇಡಿ, ಒಳಗೆ ಚೆನ್ನಾಗಿಯೇ ಇರುತ್ತದೆ ಎಂದು ಹೇಳದೆ ಚೀಲ ಕೈಗೆ ಕೊಟ್ಟವಳಲ್ಲ. ಒಮ್ಮೆ ಕಲಬುರಗಿಯ ಐವಾನ್-ಎ-ಶಾಹಿ ಅತಿಥಿಗೃಹದ ಕಡೆ ಹೊರಟಿದ್ದ ಸಾಹೇಬರೊಬ್ಬರು ಅಂದು ಸಂಜೆಗೇ ಹಣ್ಣು ಬೇಕೆಂದು ಕಾರಿನಿಂದ ಇಳಿಯದೆ ಅಪ್ಪಣೆ ಕೊಟ್ಟರು. ಇವು ಇನ್ನೂ ಕಾಯಿ, ಬಾಯಿ ಒಗರಾಗುತ್ತದೆ ಎಂದಳು. ತಾನು ಯಾರೆಂದು ಗೊತ್ತೇನು ಎಂದು ಸಾಹೇಬರು ಕೇಳಿದರು.

“ನನಗ ಗೊತ್ತಾದ್ರ ಏನ್ ಬಂತ್ರೀ ಸಾಹೇಬ್ರ, ಕಾಯಿಗಿ ಗೊತ್ತಾಗ್ಬೇಕಲ್ಲ,” ಎಂದಳು ಭಾಗಮ್ಮ.

ಗಂಡ ದೌಲಪ್ಪನದು ಬೇರೆ ತಳಿ. ಬಾಳೆ ಬೆಳೆಗಾರರ ಸಂಘವೊಂದಕ್ಕೆ ಹಿಂದೆ ಅಧ್ಯಕ್ಷನಾಗಿದ್ದ. ಸಂಘ ಮುಚ್ಚಿ ಬಹಳ ಕಾಲವಾಯಿತು, ಅಧ್ಯಕ್ಷಗಿರಿ ಮಾತ್ರ ಇನ್ನೂ ಮುಚ್ಚಿಲ್ಲ. ಪಲ್ಯಕ್ಕೆ ಉಪ್ಪು ಕಡಿಮೆಯಾದರೂ ಗಂಟಲು ಸರಿಮಾಡಿಕೊಂಡು, ಆ ವಿಷಯವನ್ನು ಸಭೆಯ ಮುಂದಿಡುವವನಂತೆ ಮಂಡಿಸುತ್ತಾನೆ.

ಕಳೆದ ವರ್ಷ ಭಾಗಮ್ಮನ ಎದೆಯಲ್ಲಿ ಗಂಟು ಕಾಣಿಸಿತು. ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ತಿಳಿದು, ಕಲಬುರಗಿಯಲ್ಲಿ ಆಪರೇಷನ್ ಆಯಿತು. ಎಲ್ಲಾದರೂ ಉಳಿದುಕೊಂಡಿರಬಹುದಾದ ರೋಗವನ್ನು ಸುಡಲು ಕೆಲವು ವಾರ ರೇಡಿಯೇಷನ್ ಬೇಕು, ನಡುವೆ ಬಿಟ್ಟರೆ ರೋಗ ಮರಳಬಹುದು ಎಂದರು ಡಾಕ್ಟರ್ ಸುಮಂಗಲಾ. ಯಾವ ರೋಗಿಗೆ ಎಷ್ಟು ಅಡ್ಡಪರಿಣಾಮ ಆದೀತು ಎಂಬುದನ್ನು ಈಗ ಮೊದಲೇ ಅಂದಾಜು ಮಾಡುತ್ತಾರೆ. ಮೈಯ ತೂಕ, ಎದೆಯ ಗಾತ್ರ, ಸಕ್ಕರೆ ಕಾಯಿಲೆ, ಕಿರಣದ ಪ್ರಮಾಣ, ಎಲ್ಲವನ್ನೂ ಕಂಪ್ಯೂಟರಿಗೆ ಕೊಟ್ಟರೆ ಅದು ಲೆಕ್ಕ ಹಾಕಿ ಹೇಳುತ್ತದೆ. ಭಾಗಮ್ಮನಿಗೆ ಸಕ್ಕರೆ ಕಾಯಿಲೆಯೂ ಇತ್ತು, ಮೈಯೂ ಭಾರ. ಆಕೆಯ ಚರ್ಮ ಬೇಯುವ ಸಂಭವ ಹೆಚ್ಚು ಎಂದು ಬಂತು.

ಆಕೆ ಸ್ಕ್ಯಾನ್ ಕೋಣೆಯಲ್ಲಿದ್ದಾಗ ಡಾಕ್ಟರ್ ಇದನ್ನು ಹೇಳಲು ಹೊರಟರು. ನಿಮ್ಮ ಹೆಂಡತಿಯೂ ಬರಲಿ ಎಂದು ಅವರು ಅಂದದ್ದಕ್ಕೆ ದೌಲಪ್ಪ ಕೈ ಎತ್ತಿ ತಡೆದ. ಆಕೆ ಹೆದರುತ್ತಾಳೆ, ಮನೆಯ ಹಿರಿಯ ತಾನಿದ್ದೇನೆ, ಸಮಯ ನೋಡಿ ತಾನೇ ತಿಳಿಸುತ್ತೇನೆ ಎಂದ. ಮೂರನೇ ವಾರದ ಸುಮಾರಿಗೆ ಚರ್ಮ ಕೆಂಪಾಗಿ, ಆಮೇಲೆ ಕಪ್ಪಾಗಬಹುದು, ಕಂಕುಳಲ್ಲಿ ಸುಲಿಯಲೂಬಹುದು, ಚಿಕಿತ್ಸೆ ಮುಗಿದ ಮೇಲೆ ಮಾಯುತ್ತದೆ, ಅಲ್ಲಿಯವರೆಗೆ ಸಡಿಲ ಹತ್ತಿ ಬಟ್ಟೆ ಹಾಕಿಕೊಳ್ಳಲಿ ಎಂದು ಡಾಕ್ಟರ್ ವಿವರಿಸಿದರು. ದೌಲಪ್ಪ ಠರಾವು ಪಾಸು ಮಾಡುವವನಂತೆ ತಲೆ ಆಡಿಸಿದ. ರೋಗಿಯ ಎದುರು ಕೆಟ್ಟದ್ದನ್ನು ಆಡಬಾರದು ಎಂಬುದು ನಮ್ಮ ಕಡೆ ಗಂಡಸರ ದೊಡ್ಡ ಜವಾಬ್ದಾರಿ. ಅದನ್ನು ಆತ ಒಂದು ಅಕ್ಷರವೂ ಸೋರದಂತೆ ನಿಭಾಯಿಸಿದ. ಹತ್ತಿ ಬಟ್ಟೆಯ ಮಾತನ್ನೂ ಸೋರಗೊಡಲಿಲ್ಲ.

ಭಾಗಮ್ಮ ಬೆಳಗಿನ ಬಸ್ಸಿಗೆ ಕಲಬುರಗಿಗೆ ಹೋಗಿ, ಮಧ್ಯಾಹ್ನ ಬಂದು ಹಣ್ಣಿನ ಬುಟ್ಟಿಯ ಮುಂದೆ ಕೂರುತ್ತಿದ್ದಳು. ಸುಸ್ತಾದರೆ ಬುಟ್ಟಿಗೆ ಒರಗುತ್ತಿದ್ದಳೇ ವಿನಾ ವಿಚಾರಣೆ ಬಿಡುತ್ತಿರಲಿಲ್ಲ. ಮೂರನೇ ವಾರ ಒಂದು ಬೆಳಿಗ್ಗೆ ಕುಪ್ಪಸ ತೊಡುವಾಗ ಕಂಕುಳ ಕೆಳಗೆ ಉರಿಯಿತು. ಕನ್ನಡಿಯಲ್ಲಿ ನೋಡಿಕೊಂಡರೆ ಚರ್ಮ ಕಪ್ಪಾಗಿ, ಒಂದು ಕಡೆ ಸುಲಿದಿತ್ತು. ರೋಗ ಸೀಳಿಕೊಂಡು ಹೊರಗೆ ಬಂತು ಎಂದುಕೊಂಡಳು. ಇಷ್ಟು ದಿನ ಕಿರಣಕ್ಕೆ ಮೈಯೊಡ್ಡಿದ್ದು ಸುಳ್ಳಾಯಿತು, ಇನ್ನು ಹೋಗುವುದು ಯಾತಕ್ಕೆ ಎಂದು ಬಸ್ಸು ಬಿಟ್ಟಳು. ಬುಟ್ಟಿಯ ಮುಂದೆ ಹೋಗಿ ಕೂತಳು. ಬಂದ ಗಿರಾಕಿಗೆ ಚಿಪ್ಪು ಮುರಿದು ಕೊಟ್ಟಳು, ಯಾವಾಗ ತಿನ್ನುತ್ತೀರಿ ಎಂದು ಕೇಳಲಿಲ್ಲ. ಅದನ್ನು ನೋಡಿ ಪಕ್ಕದ ಬುಟ್ಟಿಯ ಪುತಳಾಬಾಯಿ ಗಾಬರಿಯಾಗಿ ದೌಲಪ್ಪನಿಗೆ ಹೇಳಿ ಕಳಿಸಿದಳು.

ದೌಲಪ್ಪ ಬಂದ. ಚರ್ಮ ಕಪ್ಪಾಗಿ ಸುಲಿದಿದೆ, ರೋಗ ಹೊರಗೆ ಬಂತು ಎಂದು ಹೆಂಡತಿ ಹೇಳಿದ್ದಕ್ಕೆ ಗಂಟಲು ಸರಿಮಾಡಿಕೊಂಡ. ಇದು ಬಿಸಿಲ ಝಳ, ಮೇಲೆ ಖಾರ ಜಾಸ್ತಿ ತಿಂದದ್ದು ಎಂದು ಶುರು ಮಾಡಿದ. ಭಾಗಮ್ಮ ಆತನ ಮುಖವನ್ನೇ ನೋಡಿದಳು. ಬಿಸಿಲಿನಿಂದ ಗಾಳಿಗೆ, ಗಾಳಿಯಿಂದ ನೀರಿಗೆ ಹೋಗಿ ಭಾಷಣ ತಾನಾಗಿಯೇ ನಿಂತಿತು.

“ಗಾಬರಿ ಆಗಬ್ಯಾಡ. ಹಿಂಗ ಆಗ್ತದಂತ ಡಾಕ್ಟರು ಮೊದಲ ಹೇಳ್ಯಾರ,” ಎಂದ.

“ಯಾರಿಗಿ?”

“ನನಗ.”

ಭಾಗಮ್ಮ ಕೈಯಲ್ಲಿದ್ದ ಚಿಪ್ಪನ್ನು ಬುಟ್ಟಿಗೆ ಹಾಕಿದಳು.

“ಹಾದಿ ಮ್ಯಾಲ ಹೋಗೋರಿಗೂ ಸಿಪ್ಪಿ ಯಾವಾಗ ಕರ್ರಗಾಗ್ತದಂತ ಹೇಳಿ ಕಳಸ್ತೀನಿ ನಾ,” ಎಂದಳು ಭಾಗಮ್ಮ. “ನನ್ನ ಮೈ ಸುದ್ದಿ ನನಗ ಹೇಳಾಕ ನಿನಗ ಬಾಯಿ ಬರಲಿಲ್ಲೇನು? ಇದು ಆಗೋದ ಅಂತ ಗೊತ್ತಿದ್ರ ನಾ ಯಾಕ ಅಂಜತಿದ್ದೆ?”

ಪುತಳಾಬಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಅಧ್ಯಕ್ಷರು ಈಗ ರಾಜೀನಾಮೆ ಕೊಟ್ಟರೆ ಚೆಂದ ಎಂದಳು.

ಭಾಗಮ್ಮ ಬುಟ್ಟಿಯನ್ನು ಅವಳಿಗೆ ಒಪ್ಪಿಸಿ ಮುಂದಿನ ಬಸ್ಸು ಹಿಡಿದಳು. ದೌಲಪ್ಪ ಹಿಂದಿನ ಬಾಗಿಲಿನಿಂದ ಹತ್ತಿದ. ಆಸ್ಪತ್ರೆಯಲ್ಲಿ ಡಾಕ್ಟರ ಮೇಜಿನ ಮುಂದಿನ ಕುರ್ಚಿಯಲ್ಲಿ ಇಷ್ಟು ದಿನ ಆತ ಕೂರುತ್ತಿದ್ದ. ಅಂದು ಆಕೆ ಕೂತಳು. ಡಾಕ್ಟರ್ ಗಾಯ ನೋಡಿ, ಅಂದುಕೊಂಡಷ್ಟೇ ಆಗಿದೆ, ಮುಲಾಮು ಹಚ್ಚಿ ಮುಂದುವರಿಸಬಹುದು ಎಂದರು. ನೇರವಾಗಿ ರೋಗಿಗೇ ಹೇಳಬೇಕಿತ್ತು, ತಪ್ಪಾಯಿತು ಎಂದೂ ಒಪ್ಪಿಕೊಂಡರು. ಇನ್ನೇನೇನು ಆಗಬಹುದು, ಎಲ್ಲ ಹೇಳಿ ಎಂದಳು ಭಾಗಮ್ಮ. ಸುಸ್ತು ಇನ್ನೂ ಕೆಲ ಕಾಲ ಇರಬಹುದು, ಮುಂದೆ ಎಂದಾದರೂ ಕೈ ಬಾವು ಬರಬಹುದು, ಆದರೆ ಇದು ಅಂದಾಜು ಮಾತ್ರ, ಒಬ್ಬರಿಗೆ ಬಂದದ್ದು ಇನ್ನೊಬ್ಬರಿಗೆ ಬರದೆಯೂ ಹೋಗಬಹುದು ಎಂದು ಡಾಕ್ಟರ್ ಸಂಕೋಚದಿಂದ ಸೇರಿಸಿದರು.

“ಇರ್ಲಿ ಬಿಡ್ರಿ ಬಾಯಾರ, ಗೊನಿ ಮುಂದ ಕುಂತಾಗ ನಂದೂ ಅಂದಾಜ ಅದ,” ಎಂದಳು. “ತಪ್ಪಿದ್ರ ಬೈಯ್ಯಂಗಿಲ್ಲ. ಹೇಳೋದು ಬಿಡಬ್ಯಾಡ್ರಿ.”

ಸಡಿಲ ಹತ್ತಿ ಕುಪ್ಪಸದಲ್ಲಿ, ಉರಿಯುವ ಕಂಕುಳಿಗೆ ತಾಗದಂತೆ ಕೈ ಎತ್ತಿ ಹಿಡಿದುಕೊಂಡೇ ಬಸ್ಸಿನಲ್ಲಿ ಓಡಾಡಿ ಆಕೆ ಚಿಕಿತ್ಸೆ ಮುಗಿಸಿದಳು. ಒಂದು ದಿನವೂ ತಪ್ಪಿಸಲಿಲ್ಲ. ಚರ್ಮ ಮಾಯ್ದಿದೆ, ಬಣ್ಣ ಇನ್ನೂ ಪೂರ್ತಿ ಮರಳಿಲ್ಲ. ಕೈ ಬಾವು ಈವರೆಗೆ ಬಂದಿಲ್ಲ. ಬಂದರೆ ಗುರುತು ಹಿಡಿಯಲು ಬಳೆ ಬಿಗಿಯಾಯಿತೇ ಎಂದು ದಿನಾ ನೋಡಿಕೊಳ್ಳುತ್ತಾಳೆ. ಮೊನ್ನೆ ತಪಾಸಣೆಗೆ ಹೋದಾಗ ಡಾಕ್ಟರ್ ಹೊಸ ವರದಿ ಹಿಡಿದು ಮಾತು ಶುರು ಮಾಡುವ ಮೊದಲೇ ಅಧ್ಯಕ್ಷರು ತಾವಾಗಿ ಎದ್ದು ಹಿಂದಿನ ಬೆಂಚಿಗೆ ಹೋಗಿ ಕೂತರಂತೆ.