ದೀಪಗಾರನ ಸಮಾಧಿ

ಸ್ಟುಡಿಯೋದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ‘ಅಕ್ಷರಣ್ಣ’ ಎಂದು. ಅಲ್ಲಿ ಹಳೆಯ ದೆವ್ವದ ಕಥೆಯೊಂದು ಧಾರಾವಾಹಿಯಾಗುತ್ತಿತ್ತು. ಅಂಗಡಿ ಬೋರ್ಡು, ಪುಸ್ತಕದ ಬೆನ್ನು, ಥರ್ಮಾಕೋಲ್ ಸಮಾಧಿ, ಎಲ್ಲದರ ಮೇಲಿನ ಬರಹವೂ ಅವನ ಕುಂಚದ್ದೇ. ಇಪ್ಪತ್ತು ವರ್ಷಗಳಲ್ಲಿ ಅವನಷ್ಟು ಜನರನ್ನು ಮಣ್ಣು ಮಾಡಿದವರು ಬೇರೆ ಯಾರೂ ಇರಲಿಕ್ಕಿಲ್ಲ.

ಆದರೆ ಎಂಟು ತಿಂಗಳಿಂದ ಅವನ ಅಕ್ಕ ಅವನೊಡನೆ ಮಾತು ಬಿಟ್ಟಿದ್ದಳು. ಮನೆಗೆ ಸುಣ್ಣ ಹೊಡೆಸುವಾಗ ಅವನು ಅವಳ ರಟ್ಟು ಹರಿದ ಪುಸ್ತಕವೊಂದನ್ನು ರದ್ದಿಗೆ ಹಾಕಿಬಿಟ್ಟಿದ್ದ. ಈಗ ಧಾರಾವಾಹಿಯಾಗುತ್ತಿದ್ದ ಕಥೆ ಬರೆದವನದೇ ದೆವ್ವದ ಕಥೆಗಳವು. ಚಿಕ್ಕಂದಿನಲ್ಲಿ ಅಮ್ಮ ಸಂಜೆ ಪಾಳಿಗೆ ಹೋದಾಗ ಅಕ್ಕ ಅವನಿಗೆ ಓದಿ ಹೇಳುತ್ತಿದ್ದಂಥವು. ಈಗ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಧಾರಾವಾಹಿಯನ್ನು ಮಾತ್ರ ತಪ್ಪಿಸುವವಳಲ್ಲ. ನೋಡಿಯಾದರೂ ಕರಗಲಿ ಎಂದು ಅವನು ಆ ಪುಸ್ತಕದ ಪಾತ್ರಗಳನ್ನು ನೆನಪಿನಿಂದ ತೆಗೆದು ಸೆಟ್ಟಿನಲ್ಲಿ ಬಚ್ಚಿಡತೊಡಗಿದ: ಔಷಧಿ ಅಂಗಡಿಯ ಬೋರ್ಡಿಗೆ ಕುಂಟ ವೈದ್ಯ, ಕಪಾಟಿನ ಪುಸ್ತಕದ ಬೆನ್ನಿಗೆ ಗಡಿಯಾರದ ಸೋದರಿಯರು, ಸ್ಮಶಾನದ ಮೂಲೆಗೆ ‘ದೀಪಗಾರ, ಬಾವಿಗೆ ಬಿದ್ದು ತೀರಿಕೊಂಡ.’

ಅಕ್ಕ ತುಟಿ ಬಿಚ್ಚಲಿಲ್ಲ. ಬಾಯಿ ಬಿಟ್ಟವನು ನಿರ್ದೇಶಕ.

“ಏನ್ರೀ ಅಕ್ಷರಣ್ಣ, ನೋಡೋರೆಲ್ಲ ನಿಮ್ಮ ಗುಟ್ಟು ಹಿಡಿದು ಹೊಗಳ್ತಿದಾರೆ. ಒಂದು ಬಿಟ್ಟು. ಕಥೇಲಿ ದೀಪಗಾರ ಸಾಯೋದೇ ಇಲ್ವಂತೆ! ಬದುಕಿರೋನ್ನ ಹೂತುಬಿಟ್ರಲ್ಲ!”

“ಸತ್ತ ಸಾರ್. ನಾನೇ ಅತ್ತಿದೀನಿ.”

“ನಿಮ್ಮ ಕಣ್ಣೀರು ಯಾರಿಗ್ರೀ ಬೇಕು? ಮಧ್ಯಾಹ್ನದ ಶೂಟಿಂಗ್‌ಗೆ ಮುಂಚೆ ಅಳಿಸಿ.”

ಅವನು ಬಿಳಿ ಬಣ್ಣ ಕಲಸುತ್ತಿದ್ದಾಗ ಫೋನ್ ಬಡಿದುಕೊಂಡಿತು. ಅಕ್ಕ.

“ಲೋ ಕೋತಿ, ಅವನು ಸತ್ತಿಲ್ಲ ಕಣೋ.”

ಅವನು ಕುಂಚ ಕೆಳಗಿಟ್ಟ. “ನೀನೇ ತಾನೇ ಸಾಯ್ಸಿದ್ದು?”

“ಆ ಪುಸ್ತಕಕ್ಕೆ ಕೊನೇ ಹಾಳೆಗಳೇ ಇರ್ಲಿಲ್ಲ. ನೀನು ನೋಡಿದ್ರೆ ಮುಂದೇನು ಮುಂದೇನು ಅಂತ ಪ್ರಾಣ ತಿಂತಿದ್ದೆ. ನಂಗೆ ಪಾತ್ರೆ ತೊಳ್ಯೋದಿತ್ತು. ಬಾವಿಗೆ ತಳ್ಳಿದೆ.”

ಪಾತ್ರೆಗಾಗಿ ಒಂದು ಪಾತ್ರದ ಕೊಲೆ! ಈ ಸಾವು ಜಗತ್ತಿನಲ್ಲಿ ಅವರಿಬ್ಬರಿಗೆ ಮಾತ್ರ ಗೊತ್ತಿತ್ತು. ಬೇರೆಯವರಿಗೆ ತಪ್ಪಾಗಿ ಕಂಡದ್ದೇ ಅವಳ ವಿಳಾಸ ಬರೆದ ಕಾಗದದಂತೆ ಅವಳನ್ನು ತಲುಪಿತ್ತು.

“ಅಕ್ಕ, ಪುಸ್ತಕ…”

“ಅದರ ಮಾತೆತ್ತಬೇಡ. ಕೋಪ ಹಾಗೇ ಇದೆ.” ಅತ್ತ ಹಾಳೆ ಮಗುಚುವ ಸದ್ದು. “ಲೈಬ್ರರಿಯಿಂದ ಬೇರೆ ಪ್ರತಿ ತಂದಿದೀನಿ. ಕೊನೇ ನಾಲ್ಕು ಪುಟ. ಓದ್ತೀನಿ, ಮಧ್ಯೆ ಬಾಯಿ ಹಾಕಿದ್ರೆ ಇಟ್ಬಿಡ್ತೀನಿ.”

ಅವನು ಖಾಲಿ ಬಣ್ಣದ ಡಬ್ಬಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತ.