ಕೊಟ್ಟ ಹೆಣ್ಣಿನ ಮುಡಿ

ತವರಿಗೆ ಬಂದ ಮಾರನೆಯ ಬೆಳಿಗ್ಗೆ ಕಣ್ಣು ಬಿಟ್ಟರೆ ನನ್ನ ಮಂಚದ ಸುತ್ತ ಒಂಬತ್ತು ಜನ ಕೂತಿದ್ದರು. ತಲೆಗೆ ಕಟ್ಟಿದ್ದ ಬಟ್ಟೆ ನಿದ್ದೆಯಲ್ಲಿ ಜಾರಿ ಎಲ್ಲೋ ಹೋಗಿತ್ತು. ಒಂಬತ್ತು ಜನವೂ ನನ್ನ ಬೋಳು ತಲೆಯನ್ನೇ ನೋಡುತ್ತಿದ್ದರು. ಒಬ್ಬಾಕೆ ಬನ್ನಿನ ಪೊಟ್ಟಣವನ್ನು ದಿಂಬಿನ ಪಕ್ಕ ಇಟ್ಟು, "ನಮ್ಮ ಓರಗಿತ್ತಿಗೂ ಇದೇ ಕಾಯ್ಲೆ ಕಣಮ್ಮ. ಪಾಪ, ಆರೇ ತಿಂಗ್ಳು" ಎಂದಳು.

ನಾಗಪುರದ ಗೆಳತಿಯರೇ, "ತವರಿನ ಗಾಳಿಯೇ ಔಷಧ, ಹೋಗಿ ಸುಧಾರಿಸಿಕೋ" ಎಂದು ರೈಲು ಹತ್ತಿಸಿದವರು ನೀವು. ಎದೆಯ ಗಡ್ಡೆ ತೆಗೆಸಿ, ಕೀಮೋ ಮುಗಿಸಿ, ಇಪ್ಪತ್ತಾರು ವರ್ಷದ ಮೇಲೆ ದೊಡ್ಡಬೆಳವಂಗಲದ ಪಕ್ಕದ ನಮ್ಮ ಹಳ್ಳಿಗೆ ಬಂದು ನಾಲ್ಕು ತಿಂಗಳಾಯಿತು. ಗಾಳಿ ಕುಡಿಯಲು ಒಬ್ಬಳನ್ನೇ ಬಿಟ್ಟರೆ ತಾನೆ! ಅಲ್ಲಿ ನೀವು ಬರುವ ಮುಂಚೆ ಫೋನ್ ಮಾಡುತ್ತಿದ್ದಿರಿ. ಇಲ್ಲಿ ಬಾಗಿಲಿಗೆ ಚಿಲಕ ಹಾಕಿದರೆ "ಒಳಗೇನಾಯ್ತೋ" ಎಂದು ದಬದಬ ಬಡಿಯುತ್ತಾರೆ.

ಊಟದ ಕಥೆ ಇನ್ನೊಂದು. ಗಾಯವನ್ನು ಕೆಣಕುವ ಪದಾರ್ಥಕ್ಕೆ ಇಲ್ಲಿ 'ನಂಜು' ಎನ್ನುತ್ತಾರೆ. ಬದನೆಕಾಯಿ ನಂಜು ಎನ್ನುವವಳು, ಗಂಡ ಸತ್ತ ಮೇಲೆ ಈ ಮನೆಗೇ ಬಂದು ನೆಲೆಸಿದ ನನ್ನ ಸೋದರತ್ತೆ. ಕುಂಬಳಕಾಯಿ ನಂಜು ಎನ್ನುವವರು ದೊಡ್ಡಪ್ಪ. ಬಂದುಹೋಗುವವರ ಪಟ್ಟಿಯನ್ನೂ ಸೇರಿಸಿದರೆ ನನಗೆ ಉಳಿದದ್ದು ಮುದ್ದೆ ಮತ್ತು ಮೆಣಸಿನ ಸಾರು. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗೆ ಹೋಗುವ ತಮ್ಮ ಮಾತ್ರ ಶಿಫ್ಟ್ ಮುಗಿಸಿ ಬರುವಾಗ ಯಾರಿಗೂ ಕಾಣದಂತೆ ಮೊಟ್ಟೆ ಪಫ್ಸ್ ತಂದುಕೊಡುತ್ತಿದ್ದ. ಆದರೂ ಕೆಟ್ಟುಹೋಗಿದ್ದ ನಾಲಿಗೆಗೆ ಮೊದಲು ರುಚಿ ಹತ್ತಿದ್ದು ಆ ಸಾರಿನಿಂದಲೇ, ಸುಳ್ಳು ಹೇಳುವುದಿಲ್ಲ.

ಕೂದಲು ಬೆರಳಿನ ಗೆಣ್ಣಿನಷ್ಟು ಬಂದ ದಿನ ಕನ್ನಡಿ ಹಿಡಿದು ಅರ್ಧ ಗಂಟೆ ಕೂತಿದ್ದೆ. ಹಿಂದೆ ಬಂದು ನಿಂತ ಅತ್ತೆ ಸಮಾಧಾನವಾಗಿ ಹೇಳಿದಳು:

"ಮುಡಿ ಬಂತಲ್ಲ. ಇನ್ನು ಮನೆದೇವ್ರಿಗೆ ಕೊಟ್ಬಿಡಾಣ. ಹರಕೆ ಹೊತ್ತಿದೀನಿ."

"ಯಾರನ್ನ ಕೇಳಿ ಹೊತ್ತೆ ಅತ್ತೆ?"

"ನೀನು ಆಸ್ಪತ್ರೇಲಿ ಬಿದ್ದಿದ್ದೆ. ನಿನ್ನೇನು ಕೇಳೋದು?"

ಮೈಯೆಲ್ಲ ಉರಿದುಹೋಯಿತು. ನಾನು ಬದುಕುತ್ತೇನೆ ಎಂಬುದಕ್ಕೆ ನನ್ನ ಬಳಿ ಇದ್ದದ್ದು ಆ ಕೂದಲೊಂದೇ. ಸತ್ತರೂ ಕೊಡುವುದಿಲ್ಲ ಎಂದು ಕೂಗಾಡಿ ಎರಡು ದಿನ ಅತ್ತೆಯೊಡನೆ ಮಾತು ಬಿಟ್ಟೆ.

ಮೂರನೆಯ ದಿನ ದೊಡ್ಡಪ್ಪ ಜಗಲಿಯಲ್ಲಿ ಕೂತು ತೀರ್ಪು ಕೊಟ್ಟರು. "ಅವಳು ಕೊಟ್ಟ ಹೆಣ್ಣು. ಅವಳ ಮುಡಿ ಗಂಡನ ಮನೆ ದೇವ್ರಿಗೆ ಸೇರ್ಬೇಕು. ನಮ್ಮ ದೇವ್ರಿಗೆ ಆಗಲ್ಲ." ಗಂಡನಿಗೆ ಫೋನ್ ಮಾಡಿದೆ. ಅವರದು ಮರಾಠಿ ಮನೆತನ, ಅಲ್ಲಿ ಹೆಂಗಸರು ಮುಡಿ ಕೊಡುವ ಪದ್ಧತಿಯೇ ಇಲ್ಲವಂತೆ. ಅಂದರೆ ನನ್ನ ಕೂದಲು ಯಾವ ದೇವರಿಗೂ ಬೇಡ! ಕೊಡುವುದಿಲ್ಲ ಎಂದು ಹಟ ಹಿಡಿದವಳಿಗೆ ನೆಮ್ಮದಿಯಾಗಬೇಕಿತ್ತು. ಬದಲಿಗೆ ಎಂದೂ ಬಾರದಷ್ಟು ಸಿಟ್ಟು ಬಂತು.

"ಯಾಕಾಗಲ್ಲ ದೊಡ್ಡಪ್ಪ? ನಾನು ಈ ಮನೇಲಿ ಹುಟ್ಟಿಲ್ವಾ?"

ದೊಡ್ಡಪ್ಪ ಉತ್ತರಿಸುವ ಮೊದಲೇ ಅತ್ತೆ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು. "ನಾನೂ ಕೊಟ್ಟ ಹೆಣ್ಣೇ ಅಲ್ವಾ ಅಣ್ಣಯ್ಯ? ನಾನು ಹೊತ್ತ ಹರಕೆ ಕೇಳಿಸ್ಕೊಂಡ ದೇವ್ರು, ಇವಳ ಕೂದ್ಲು ಬೇಡ ಅಂತಾನಾ?"

ದೊಡ್ಡಪ್ಪ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ಹೋದರು. ಸೋಮವಾರ ಗುಡಿಯ ಮುಂದೆ ಕೂತು ಮುಡಿ ಕೊಟ್ಟೆ. ಕತ್ತಿ ತಾಗಿದಾಗ ಅತ್ತುಬಿಟ್ಟೆ. ಸಿಟ್ಟಿಗೂ ಹೌದು, ಭಯಕ್ಕೂ ಹೌದು.

ಮುಂದಿನ ವಾರ ನಾಗಪುರಕ್ಕೆ ಬರುತ್ತಿದ್ದೇನೆ. ಗಡ್ಡೆ ಮತ್ತೆ ಬಂದಿದೆಯೋ ಇಲ್ಲವೋ ಸ್ಕ್ಯಾನ್ ಮಾಡಿ ಹೇಳುತ್ತಾರೆ. ನನ್ನ ಸೀರೆ ಮಡಿಸಿಡುತ್ತಿದ್ದ ಅತ್ತೆ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು.

"ಕಾಯ್ಲೆ ಇನ್ನೂ ಇದೆ ಅಂದ್ರೆ ಸೀದಾ ಇಲ್ಗೆ ಬಂದ್ಬಿಡು."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಗ್ಯಾಕೆ ಬರ್ತೀಯ? ನಿನ್ನ ಮನೇಲಿ ಸುಖವಾಗಿರು."